ಮುರಿಯಬೇಕಾದ ಜಾಗ

ಎಂಜಿನ್ ಓಡುತ್ತಿದೆ, ಗೇರ್ ಬಿದ್ದಿದೆ, ಕ್ಲಚ್ ಬಿಟ್ಟಾಗಿದೆ. ಆದರೂ ದಿಮ್ಮಿ ಹೇರಿದ ಲಾರಿ ಕದಲುವುದಿಲ್ಲ. ಗೇರ್ ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಕ್ರೌನ್ ಪಿನಿಯನ್, ಆಕ್ಸಲ್ ಎಂದು ಚಕ್ರದವರೆಗೆ ಸಾಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಉಕ್ಕು ಸೋತಿದೆ. ಒರೆಗಾನ್‌ನಿಂದ ಬ್ರಿಟಿಷ್ ಕೊಲಂಬಿಯಾವರೆಗೆ ಹಬ್ಬಿರುವ ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಕಾಡುಗಳಲ್ಲಿ ಈ ಸೋಲನ್ನು ಎದುರಿಸುತ್ತ ಬಂದವರ ನೂರು ವರ್ಷಗಳ ಅನುಭವ ನೋಡಿದರೆ, ಮುರಿಯದ ಲಾರಿಯನ್ನು ಯಾರೂ ಕಟ್ಟಲಿಲ್ಲ ಎಂಬುದು ಗೊತ್ತಾಗುತ್ತದೆ. ಮುರಿತ ಎಲ್ಲಿ ಆದರೆ ಸರಿಪಡಿಸಲು ಸುಲಭ ಎಂಬುದನ್ನು ಅವರು ಮತ್ತೆ ಮತ್ತೆ ಹೊಸದಾಗಿ ತೀರ್ಮಾನಿಸಿದರು. ಈ ರಿಪೇರಿಯ ಇತಿಹಾಸವನ್ನು ಹಾಗೆಯೇ ಓದಬೇಕೆಂಬುದು ನನ್ನ ವಾದ.

ಮೊದಲ ಕಾಲದ ಭಾರಿ ಲಾರಿಗಳಲ್ಲಿ ಹಿಂದಿನ ಚಕ್ರಗಳನ್ನು ತಿರುಗಿಸುತ್ತಿದ್ದುದು ಚೈನು. 1916ರಲ್ಲಿ ಬಂದ ಮ್ಯಾಕ್ ಕಂಪನಿಯ ಎಸಿ ಲಾರಿ ಇದಕ್ಕೆ ಹೆಸರಾದದ್ದು. ಎರಡೂ ಬದಿಯಲ್ಲಿ ಬಯಲಿಗೇ ಇದ್ದ ಚೈನು ಕೆಸರು ತಿಂದು ಬೇಗ ಸವೆಯುತ್ತಿತ್ತು, ಎಳೆತ ಹೆಚ್ಚಾದರೆ ಕಡಿಯುತ್ತಿತ್ತು. ಆದರೆ ಕಡಿದ ಕೊಂಡಿ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಬೇರೆ ಕೊಂಡಿ ಹಾಕಿ ಪಿನ್ನು ಹೊಡೆದರೆ ಲಾರಿ ಹೊರಡುತ್ತಿತ್ತು. ಹಾಗೆಂದು ಆ ಕಾಲವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಚೈನಿಗಿಂತ ಮುಂಚಿನ ಶಾಫ್ಟಿನ ಮೇಲೆ ಬ್ರೇಕ್ ಇದ್ದ ಗಾಡಿಗಳಲ್ಲಿ, ಇಳಿಜಾರಿನಲ್ಲಿ ಚೈನು ಕಡಿದರೆ ಆ ಚಕ್ರದ ಪಾಲಿಗೆ ಆ ಬ್ರೇಕೂ ಇಲ್ಲವಾಗುತ್ತಿತ್ತು. ಸುಲಭವಾಗಿ ಸರಿಹೋಗುವ ಮುರಿತವೆಲ್ಲ ಅಪಾಯವಿಲ್ಲದ ಮುರಿತವಲ್ಲ.

ಟಕೋಮಾದ ಮರದ ವ್ಯಾಪಾರಿ ಟಿ. ಎ. ಪೀಟರ್‌ಮನ್ ಫೇಜಿಯಲ್ ಲಾರಿ ಕಂಪನಿಯ ಆಸ್ತಿ ಕೊಂಡು, ತನ್ನ ದಿಮ್ಮಿ ಸಾಗಿಸಲು ತಕ್ಕ ಲಾರಿಗಳಿಗಾಗಿ 1939ರಲ್ಲಿ ಪೀಟರ್‌ಬಿಲ್ಟ್ ಕಂಪನಿ ಆರಂಭಿಸುವ ಹೊತ್ತಿಗೆ ಭಾರಿ ಲಾರಿಗಳಲ್ಲಿ ಚೈನಿನ ಕಾಲ ಮುಗಿಯುತ್ತ ಬಂದಿತ್ತು. ಅದರ ಜಾಗ ಹಿಡಿದದ್ದು ಹೌಸಿಂಗ್‌ನೊಳಗಿನ ಆಕ್ಸಲ್. ಇದರಲ್ಲಿ ಫುಲ್ ಫ್ಲೋಟಿಂಗ್ ಎಂಬ ಏರ್ಪಾಟಿನ ಜಾಣ್ಮೆಯನ್ನು ಎಷ್ಟು ಮೆಚ್ಚಿದರೂ ಸಾಲದು. ಲಾರಿಯ ಭಾರವನ್ನು ಹೌಸಿಂಗ್ ಮತ್ತು ಹಬ್ಬಿನ ಬೇರಿಂಗ್ ಹೊರುತ್ತವೆ. ಆಕ್ಸಲ್ಲಿಗೆ ತಿರುಗಿಸುವುದೊಂದೇ ಕೆಲಸ. ಹಾಗಾಗಿ ಆಕ್ಸಲ್ ಕಟ್ಟಾದರೂ ಚಕ್ರ ಕಳಚಿ ಬೀಳುವುದಿಲ್ಲ. ಜ್ಯಾಕ್ ಕೊಡದೆಯೇ ಹಬ್ಬಿನ ಮುಖದ ನಟ್ಟು ಬಿಚ್ಚಿ ಹೊರಗಿನ ತುಂಡನ್ನು ಎಳೆಯಬಹುದು. ಒಳಗೆ ಉಳಿದ ತುಂಡನ್ನು ತಂತಿಯ ಕುಣಿಕೆ ಹಾಕಿಯೋ ಅಯಸ್ಕಾಂತದಿಂದಲೋ ತೆಗೆದು, ಆಯಿಲ್ ಇಳಿಸಿ, ಚೂರುಗಳನ್ನು ತೊಳೆದು, ಹೊಸ ಆಕ್ಸಲ್ ತೂರಿಸಿದರಾಯಿತು. ನಮ್ಮ ಮಲೆನಾಡಿನಲ್ಲಿ ನಾಟಾ ಎಳೆದ ಲಾರಿಗಳಿಗೂ ಇದೇ ಏರ್ಪಾಟು ಆಧಾರ. ಕ್ರೌನ್ ಪಿನಿಯನ್ ಹಲ್ಲು ಹೋದರೆ ಮಾತ್ರ ಕಥೆ ಬೇರೆ. ಅವೆರಡನ್ನೂ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುವುದರಿಂದ ಜೋಡಿಯಾಗಿಯೇ ಬದಲಿಸಬೇಕು. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಒತ್ತಿನ ಗುರುತು ಹಲ್ಲಿನ ಸರಿಯಾದ ಭಾಗದಲ್ಲಿ ಮೂಡುವವರೆಗೆ ಶಿಮ್ ಹಾಕಿ ತೆಗೆದು ಹೊಂದಿಸಬೇಕು. ಮಳೆ ಸುರಿಯುವ ಕಾಡುರಸ್ತೆಯಲ್ಲಿ ಆಗುವ ಕೆಲಸ ಅದಲ್ಲ.

ಎಲ್ಲವನ್ನೂ ದಪ್ಪ ಮಾಡಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಎಂಜಿನ್ನಿನ ತಿರುಚುಬಲ 1,000 ನ್ಯೂಟನ್ ಮೀಟರ್, ಮೊದಲ ಗೇರು 12 ಪಟ್ಟು, ಕ್ರೌನ್ ಪಿನಿಯನ್ 4 ಪಟ್ಟು ಎಂದಿಟ್ಟುಕೊಂಡರೆ, ಚಕ್ರಗಳ ಕಡೆ ಸಿಗುವುದು 48,000. ಆಕ್ಸಲ್ ದಪ್ಪ ಮಾಡಿದರೆ ಅದೇ ಹೊಡೆತ ಪಿನಿಯನ್ನಿಗೋ ಶಾಫ್ಟಿನ ಕ್ರಾಸಿಗೋ ಹೋಗುತ್ತದೆ. ಅಗ್ಗದ ಭಾಗ ಉಳಿದು ದುಬಾರಿ ಭಾಗ ಸಾಯುತ್ತದೆ. ವ್ಯಾಂಕೂವರ್ ದ್ವೀಪದ ಖಾಸಗಿ ಕಾಡುರಸ್ತೆಗಳಲ್ಲಿ ಓಡಿದ ದೈತ್ಯ ಲಾರಿಗಳಿಗೆ ದೊರೆತ ಪರಿಹಾರ ಇನ್ನೂ ಸೂಕ್ಷ್ಮವಾದದ್ದು. ಅಂಥ ಲಾರಿಗಳಲ್ಲಿ ಹಬ್ಬಿನೊಳಗೇ ಪ್ಲಾನೆಟರಿ ಗೇರು ಕೂರಿಸಿದರು. ಬಲದ ಕೊನೆಯ ಹೆಚ್ಚಳ ಚಕ್ರದ ಬಳಿಯೇ ಆಗುವುದರಿಂದ, ಹಬ್ಬಿನಲ್ಲಿ 3 ಪಟ್ಟು ಸಿಕ್ಕರೆ ಆಕ್ಸಲ್ ಹೊರಬೇಕಾದ ಬಲ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗೇರುಗಳು ಹೆಚ್ಚಾದವು, ಸೀಲುಗಳು ಹೆಚ್ಚಾದವು, ನಿಜ. ಆದರೆ ಹಬ್ಬಿನ ಮುಚ್ಚಳ ಹೊರಬದಿಯಲ್ಲೇ ತೆರೆಯುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ನಿಂತ ಲಾರಿಯ ಪ್ರತಿ ಗಂಟೆಯೂ ನಷ್ಟವಾದ್ದರಿಂದ ಕೆಟ್ಟದ್ದನ್ನು ಇಡಿಯಾಗಿ ಇಳಿಸಿ ಬೇರೆಯದನ್ನು ಏರಿಸುವುದೇ ಲಾಭ, ಮುರಿದದ್ದನ್ನು ನೋಡುತ್ತ ಕೂರುವವರು ಯಾರು? ಬದಲಿಸುವುದನ್ನು ನಾನು ವಿರೋಧಿಸುವುದಿಲ್ಲ. ನೋಡದೆ ಬದಲಿಸುವುದನ್ನು ಒಪ್ಪುವುದಿಲ್ಲ. ಒಂದೇ ಪೆಟ್ಟಿಗೆ ಮುರಿಯದ ಉಕ್ಕು ಸಣ್ಣ ಒತ್ತಡಗಳ ಪುನರಾವರ್ತನೆಯಿಂದ ದಣಿದು ಮುರಿಯುತ್ತದೆಂದು ಪ್ರಷ್ಯಾದ ಆಗಸ್ಟ್ ವೋಲರ್ 1860ರ ದಶಕದಲ್ಲೇ ರೈಲಿನ ಆಕ್ಸಲ್‌ಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ. ಹಾಗೆ ದಣಿದು ಮುರಿದ ಮುಖದಲ್ಲಿ, ಕೆರೆಯ ನೀರು ಇಳಿಯುತ್ತ ದಡದಲ್ಲಿ ಬಿಟ್ಟಂಥ ಗೆರೆಗಳು ಕಾಣಬಹುದು. ಒಂದೇ ಏಟಿಗೆ ಹೋದದ್ದರಲ್ಲಿ ಅವು ಇರುವುದಿಲ್ಲ. ಹಿಂದಿನ ಎರಡು ಆಕ್ಸಲ್‌ಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ ಬಿಚ್ಚಿದಾಗ, ಅದರ ಗೇರುಗಳು ಕೂರುವ ಸ್ಪೈಡರ್ ನೀಲಿಗಟ್ಟಿ ಕರಕಲಾಗಿದ್ದರೆ ಕಾರಣ ಭಾರವಲ್ಲ. ಎರಡೂ ಆಕ್ಸಲ್‌ಗಳನ್ನು ಒಟ್ಟಿಗೆ ತಿರುಗಿಸುವ ಲಾಕ್ ಹಾಕದೆ ಕೆಸರಿನಲ್ಲಿ ಚಕ್ರ ಗಿರಕಿ ಹೊಡೆಸಿದಾಗ ಆಯಿಲ್ ಚಿಮ್ಮಿಹೋಗಿ ಸ್ಪೈಡರ್ ಒಣಗಿ ಸುಟ್ಟಿರುತ್ತದೆ. ಇದನ್ನು ನೋಡದೆ ಹೊಸ ಡಿಫರೆನ್ಶಿಯಲ್ ಏರಿಸಿದರೆ ಅದೂ ಅದೇ ಕೆಸರಿನಲ್ಲಿ ಸುಡುತ್ತದೆ.

ಇಂದಿನ ಹಲವು ಎಂಜಿನ್‌ಗಳಲ್ಲಿ ಕೆಳಗಿನ ಗೇರಿನಲ್ಲಿ ತಿರುಚುಬಲವನ್ನು ಕಂಪ್ಯೂಟರೇ ತಗ್ಗಿಸುತ್ತದೆ. ಒಳ್ಳೆಯ ಬೆಳವಣಿಗೆ. ಆದರೆ ಗಿರಕಿ ಹೊಡೆಯುತ್ತಿರುವ ಚಕ್ರ ಥಟ್ಟನೆ ಗಟ್ಟಿ ನೆಲ ಕಚ್ಚಿದಾಗ ಆಕ್ಸಲ್ಲಿಗೆ ಬೀಳುವ ಪೆಟ್ಟು, ಅದಾಗಲೇ ತಿರುಗುತ್ತಿರುವ ಉಕ್ಕು ಮತ್ತು ಟೈರುಗಳ ವೇಗದಿಂದ ಬರುತ್ತದೆ. ಎಂಜಿನ್ನಿಗೆ ಹಾಕಿದ ಮಿತಿ ಅದನ್ನು ತಡೆಯದು. ಚಕ್ರ ಜಾರುವ ಮೊದಲೇ ಲಾಕ್ ಹಾಕುವ ಕೆಲಸ ಇಂದಿಗೂ ಅನೇಕ ಲಾರಿಗಳಲ್ಲಿ ಡ್ರೈವರನ ಕೈಯಲ್ಲೇ ಇದೆ. ಆಯಿಲ್ ಇಳಿಸಿ, ಪ್ಲಗ್ಗಿನ ಅಯಸ್ಕಾಂತಕ್ಕೆ ಹತ್ತಿದ್ದು ನುಣ್ಣನೆಯ ಪುಡಿಯೋ ಹಲ್ಲಿನ ಚೂರೋ ಎಂದು ಬೆರಳಲ್ಲಿ ಉಜ್ಜಿ ನೋಡುವ ಕೆಲಸ ಮೆಕ್ಯಾನಿಕ್‌ನದು.