ಮೋಟಾರು ಸೈಕಲ್ಲಿನ ಮೇಲೆ ಹೇರು

(ಮಡ್ಕಯಿಯಲ್ಲಿ ಕೂಡಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾಸಂಸ್ಥೆಯ ಹಿತಚಿಂತಕರು ಕೂಡಿದ ಸಭೆಯಲ್ಲಿ ಮೋಟಾರು ಸೈಕಲ್ಲಿನ ಕ್ಯಾರಿಯರ್ ಕುರಿತು ಮಾತನಾಡುವುದೆಂದರೆ ಕೆಲವರಿಗೆ ವಿನೋದವಾಗಿ ತೋರಬಹುದು. ಶಿಕ್ಷಣ, ಭಾಷೆ, ಸಂಸ್ಕೃತಿ ಇವುಗಳ ಮೇಲೆ ಮಾತನಾಡಬಲ್ಲವರು ಬಹಳ ಮಂದಿ ಇದ್ದಾರೆ. ಅವರ ಮಾತುಗಳನ್ನು ನಾವು ಆದರದಿಂದ ಕೇಳುತ್ತ ಬಂದಿದ್ದೇವೆ. ಆದರೆ ಇಂದು ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಬಂದುದು ಎರಡು ಗಾಲಿಗಳ ಮೇಲೆ. ಹೊರಗಿನ ಅಂಗಳವನ್ನು ಒಮ್ಮೆ ನೋಡಿದರೆ ಸಾಕು. ಹಿಂಬದಿಗೆ ಕಬ್ಬಿಣದ ಚೌಕಟ್ಟನ್ನು ಜೋಡಿಸದ ಗಾಡಿ ಅಲ್ಲಿ ಅಪರೂಪ. ಒಂದರ ಮೇಲೆ ಸೈಕಲ್ ಟ್ಯೂಬಿನಿಂದ ಬಿಗಿದ ಚೀಲವಿದೆ. ಇನ್ನೊಂದರ ಹ್ಯಾಂಡಲ್ಲಿಗೆ ಮಗುವಿನ ಪಾಟಿಚೀಲ ತೂಗುಬಿದ್ದಿದೆ. ನಮ್ಮ ಮಕ್ಕಳು ಶಾಲೆಗೆ ಬರುವುದೂ ಮರಳುವುದೂ ಈ ಗಾಡಿಗಳ ಮೇಲೆಯೇ. ಹೀಗಿರುವಾಗ ಇದು ಶಾಲೆಗೆ ಸಂಬಂಧಿಸಿದ ವಿಷಯವಲ್ಲವೆಂದು ಹೇಳಲಾಗದು.

2022ನೆಯ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಅಪಘಾತಗಳಲ್ಲಿ ಮಡಿದರೆಂದು ಕೇಂದ್ರ ಸರಕಾರದ ವರದಿ ತಿಳಿಸುತ್ತದೆ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲೆ ಇದ್ದವರು. ಇವರಲ್ಲಿ ಎಷ್ಟು ಮಂದಿ ಹೇರಿನ ದೆಸೆಯಿಂದ ಸತ್ತರೆಂಬ ಲೆಕ್ಕ ನಮಗೆ ಸಿಕ್ಕಿಲ್ಲ. ಗಾಡಿ ಜಾರಿತು, ಆಯ ತಪ್ಪಿತು ಎಂದು ಬರೆಯುತ್ತಾರೆ. ಆಯ ಏಕೆ ತಪ್ಪಿತೆಂಬುದು ಎಷ್ಟೋ ಸಲ ಕಾಗದದ ಮೇಲೆ ಬರುವುದಿಲ್ಲ.

ಮಡ್ಕಯಿಯ ಕೈಗಾರಿಕಾ ವಸಾಹತುವಿನಲ್ಲಿಯೂ ಫೋಂಡಾದ ಸುತ್ತಮುತ್ತಲೂ ದುಡಿಯಲು ಬಂದ ನಾವೆಲ್ಲ ಒಕ್ಕಲುತನದ ಸೀಮೆಯವರು. ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ವಿಜಯಪುರ ಎಂದು ಜಿಲ್ಲೆಗಳ ಹೆಸರು ಬೇರೆಯಾದರೂ ಚಕ್ಕಡಿ ಹೇರುವುದನ್ನು ಕಾಣದೆ ಬೆಳೆದವರು ನಮ್ಮಲ್ಲಿ ಕಡಮೆ. ಚಕ್ಕಡಿಗೆ ಜೋಳದ ಚೀಲಗಳನ್ನು ಏರಿಸುವ ಹಿರಿಯನು ಏನು ಮಾಡುತ್ತಿದ್ದನೆಂಬುದನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ನಾಲ್ಕು ಚೀಲ ಹಾಕಿದೊಡನೆ ನೊಗವನ್ನು ಕೈಯಿಂದ ಎತ್ತಿ ನೋಡುತ್ತಿದ್ದನು. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಆದುದರಿಂದ ಭಾರವೆಲ್ಲವೂ ಅಚ್ಚಿನ ಮೇಲೆ ಬರುವಂತೆ ಚೀಲವನ್ನು ಒಂದು ಗೇಣು ಹಿಂದಕ್ಕೆ, ಒಂದು ಗೇಣು ಮುಂದಕ್ಕೆ ಸರಿಸಿ, ಅನಂತರವೇ ಮಿಣಿಯನ್ನು ಬಿಗಿಯುತ್ತಿದ್ದನು. ಆ ವಿದ್ಯೆ ಎಲ್ಲಿಗೂ ಹೋಗಿಲ್ಲ. ಆದರೆ ಅದೇ ಮನೆತನದ ತರುಣನು ಮೋಟಾರು ಸೈಕಲ್ಲಿಗೆ ಬಂದಾಗ ನೊಗ ಎತ್ತಿ ನೋಡುವುದನ್ನು ಮರೆಯುತ್ತಾನೆ. ಎಂಜಿನ್ ಎಳೆಯುತ್ತದೆಯಲ್ಲ, ಮತ್ತೇನು ಎನ್ನುತ್ತಾನೆ. ಎಂಜಿನ್ ಎಳೆಯುವುದು ನಿಜ. ಪ್ರಶ್ನೆಯಿರುವುದು ಎಳೆಯುವುದರಲ್ಲಲ್ಲ, ತಿರುಗಿಸುವುದರಲ್ಲಿ ಮತ್ತು ನಿಲ್ಲಿಸುವುದರಲ್ಲಿ.

ಲೆಕ್ಕವನ್ನೇ ಮಾಡಿ ನೋಡೋಣ. ಸಾಧಾರಣ 100 ಸಿ.ಸಿ. ಗಾಡಿಯ ಎರಡು ಚಕ್ರಗಳ ನಡುವಣ ಅಂತರ ಸುಮಾರು 124 ಸೆಂಟಿಮೀಟರು. ಹಿಂದಿನ ಚಕ್ರದ ಅಚ್ಚಿನಿಂದ 30 ಸೆಂಟಿಮೀಟರು ಹಿಂದಕ್ಕೆ ಚಾಚಿದ ಕ್ಯಾರಿಯರಿನ ಮೇಲೆ 20 ಕಿಲೋ ಚೀಲವನ್ನು ಇಟ್ಟೆವೆನ್ನಿರಿ. ಆಗ ಹಿಂದಿನ ಚಕ್ರಕ್ಕೆ ಬೀಳುವುದು 20 ಕಿಲೋ ಅಲ್ಲ, ಸುಮಾರು 25 ಕಿಲೋ. ಹೆಚ್ಚಾದ ಆ 5 ಕಿಲೋ ಎಲ್ಲಿಂದ ಬಂತು? ಮುಂದಿನ ಚಕ್ರದಿಂದ ಕಿತ್ತು ಬಂತು. ಏತದ ಮರದಂತೆ ಹಿಂದೆ ತಗ್ಗಿದಷ್ಟು ಮುಂದೆ ಏಳುತ್ತದೆ. ಗಾಡಿಯನ್ನು ತಿರುಗಿಸುವ ಚಕ್ರ ಮುಂದಿನದು. ಒತ್ತಿ ನಿಲ್ಲಿಸುವಾಗ ಹೆಚ್ಚಿನ ಕೆಲಸ ಮಾಡುವ ಬ್ರೇಕೂ ಮುಂದಿನದೇ. ಅದೇ ಚೀಲವನ್ನು ಅಚ್ಚಿನಿಂದ 30 ಸೆಂಟಿಮೀಟರು ಮುಂದಕ್ಕೆ, ಎಂದರೆ ಆಸನದ ಮೇಲೆಯೇ ಕಟ್ಟಿದರೆ ಮುಂದಿನ ಚಕ್ರಕ್ಕೆ 5 ಕಿಲೋ ಕೂಡುತ್ತದೆ. 60 ಸೆಂಟಿಮೀಟರು ಸರಿಸಿದ ಮಾತ್ರಕ್ಕೆ 10 ಕಿಲೋ ವ್ಯತ್ಯಾಸ!

ಇದರ ಪರೀಕ್ಷೆಯಾಗುವುದು ಸಮತಟ್ಟಾದ ರಸ್ತೆಯಲ್ಲಲ್ಲ. ಕುಠ್ಠಾಳಿಯ ಕಡೆಗೆ ಹೋಗಲು ನಮ್ಮವರು ಜುವಾರಿ ನದಿಯನ್ನು ಫೆರಿಯಲ್ಲಿ ದಾಟುತ್ತಾರಲ್ಲವೆ? ನೀರು ಇಳಿದ ಹೊತ್ತಿನಲ್ಲಿ ಇಳಿಜಾರು ಉದ್ದವಾಗುತ್ತದೆ. ಉಪ್ಪುನೀರು ನಿಂತ ಕಡೆ ಪಾಚಿಯೂ ಉಂಟು. ಫೆರಿಯಿಂದ ಮೇಲಕ್ಕೆ ಏರುವಾಗ ಭಾರ ಇನ್ನಷ್ಟು ಹಿಂದಕ್ಕೆ ಸರಿದು, ಮೊದಲೇ ಹಗುರವಾದ ಮುಂದಿನ ಚಕ್ರ ನೆಲವನ್ನು ಬರಿದೆ ಸವರಿದಂತೆ ಹೋಗುತ್ತದೆ. ಕೈಯಲ್ಲಿ ಹ್ಯಾಂಡಲ್ಲು ಹಗುರವಾಯಿತೆಂದು ಅನ್ನಿಸಿದರೆ ಅದು ಸುಖದ ಲಕ್ಷಣವಲ್ಲ. ಫೆರಿಗೆ ಇಳಿಯುವಾಗ ಇದರ ವಿರುದ್ಧ: ಸಡಿಲಾಗಿ ಕಟ್ಟಿದ ಚೀಲ ಮುಂದೆ ಸರಿದು ಬೆನ್ನಿಗೆ ಒರಗುತ್ತದೆ, ಕಾಲೂರಬೇಕಾದ ಕ್ಷಣದಲ್ಲಿಯೇ ತಳ್ಳುತ್ತದೆ. ಹಿಂದೆ ಕುಳಿತವರನ್ನು ಇಳಿಸಿ, ಅವರು ನಡೆದು ಬರುವಂತೆ ಮಾಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನು ಗಾಡಿ ಒಟ್ಟು ಎಷ್ಟು ಹೊರಬಲ್ಲದು? ಕ್ಯಾರಿಯರ್ ಕೂಡಿಸಿದೊಡನೆ ಗಾಡಿಯ ಬಲ ಹೆಚ್ಚಿತೆಂದು ತಿಳಿಯುವವರು ಬಹಳ. ಕ್ಯಾರಿಯರ್ ಸ್ಥಳವನ್ನು ಕೊಡುತ್ತದೆಯೇ ಹೊರತು ಬಲವನ್ನು ಕೊಡುವುದಿಲ್ಲ. ಈ ಒಂದು ಮಾತನ್ನು ಹೇಳಲೆಂದೇ ನಾವು ಇಂದು ನಿಂತಿದ್ದೇವೆ. ಸವಾರ, ಸಂಗಡಿಗ, ಸಾಮಾನು ಎಲ್ಲ ಸೇರಿ ಗಾಡಿ ಹೊರತಕ್ಕ ತೂಕವನ್ನು ತಯಾರಕರು ಗೊತ್ತುಮಾಡಿರುತ್ತಾರೆ, 100 ಸಿ.ಸಿ. ಗಾಡಿಗಳಲ್ಲಿ ಅದು ಬಹುಮಟ್ಟಿಗೆ 130 ಕಿಲೋ ಆಸುಪಾಸಿನಲ್ಲಿರುತ್ತದೆ. ತಮ್ಮ ಗಾಡಿಗೆ ಎಷ್ಟೆಂಬುದನ್ನು ಪ್ರತಿಯೊಬ್ಬರೂ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಗಂಡ 65 ಕಿಲೋ, ಹೆಂಡತಿ 52 ಕಿಲೋ. ಕೂಡಿದರೆ 117. ಉಳಿದುದು 13 ಕಿಲೋ. ಅಂಗಡಿಯಿಂದ ತರುವ ಅಕ್ಕಿಚೀಲ 25 ಕಿಲೋ. ಹಾಗಾದರೆ ಅಕ್ಕಿ ಬರಬೇಕಾದರೆ ಯಾರೋ ಒಬ್ಬರು ಇಳಿಯಲೇಬೇಕು. ತುಂಬಿದ ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಲೋಹವೂ ಸೇರಿ ಸುಮಾರು 30 ಕಿಲೋ. ಅದಕ್ಕೆ ಕ್ಯಾರಿಯರ್ ತಕ್ಕ ಸ್ಥಳವೇ ಅಲ್ಲ.

ಕಾಯಿದೆಯೂ ಇದೇ ದಾರಿಯಲ್ಲಿದೆ. 1988ರ ಮೋಟಾರು ವಾಹನ ಕಾಯಿದೆಯ 128ನೆಯ ಕಲಮಿನಂತೆ ಸವಾರನಲ್ಲದೆ ಇನ್ನೊಬ್ಬರಿಗೆ ಮಾತ್ರ ಅವಕಾಶ. 2020ರಲ್ಲಿ ಕೇಂದ್ರ ಸರಕಾರ ಮಾಡಿದ ತಿದ್ದುಪಡಿಯಲ್ಲಿ ಸಾಮಾನಿನ ಪೆಟ್ಟಿಗೆಯ ಅಳತೆಯನ್ನು ಕಟ್ಟಿಕೊಟ್ಟಿದ್ದಾರೆ: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರು ಮೀರಕೂಡದು. ಪೆಟ್ಟಿಗೆಯನ್ನು ಹಿಂದಿನ ಆಸನದ ಮೇಲೆ ಇಟ್ಟರೆ ಸವಾರನೊಬ್ಬನೇ ಹೋಗತಕ್ಕದ್ದು. ಆಸನದ ಹಿಂದೆ ಇಟ್ಟರೆ ಮಾತ್ರ ಎರಡನೆಯವರು ಕೂಡಬಹುದು, ಅದೂ ಒಟ್ಟು ತೂಕ ತಯಾರಕರ ಮಿತಿಯೊಳಗಿದ್ದರೆ.

ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ ರೀತಿ. ಹಿಂದೆ ದೊಡ್ಡ ಚೀಲ ಬಿಗಿಯುತ್ತೇವೆ. ಅದು ಆಸನದ ಅರ್ಧವನ್ನು ನುಂಗುತ್ತದೆ. ತಾಯಿ ಮುಂದಕ್ಕೆ ಸರಿಯುತ್ತಾಳೆ. ತಂದೆ ಪೆಟ್ರೋಲ್ ಟಾಕಿಯ ಅಂಚಿಗೆ ಬರುತ್ತಾನೆ. ಇಬ್ಬರ ನಡುವೆ ಕೂಡುತ್ತಿದ್ದ ಮಗುವಿಗೆ ಸ್ಥಳವಿಲ್ಲದೆ ಅದು ಟಾಕಿಯ ಮೇಲೆ ಹೋಗುತ್ತದೆ. ಗಾಡಿ ತಟ್ಟನೆ ನಿಂತರೆ ಮಗುವಿನ ಎದೆಗೆ ಹ್ಯಾಂಡಲ್ಲು, ಬೆನ್ನಿಗೆ ತಂದೆಯ ಭಾರ, ಅದರ ಹಿಂದೆ ತಾಯಿ, ಅವಳ ಹಿಂದೆ ಚೀಲ. ಹಿಂದೆ ಕಟ್ಟಿದ ಜೋಳ ಮುಂದೆ ಕುಳಿತ ಕೂಸನ್ನು ಒತ್ತುತ್ತದೆಂದು ಯಾರು ಎಣಿಸಿಯಾರು? ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂಡಿಸಿಕೊಂಡು ಹೋಗುವಾಗ ಸವಾರನ ಮೈಗೆ ಬಿಗಿಯುವ ಪಟ್ಟಿ ಇರಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಬಡವನಿಗೆ ಎರಡನೆಯ ವಾಹನ ಎಲ್ಲಿಂದ ಬರಬೇಕೆಂದು ಕೇಳುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಚೀಲ ಎರಡನೆಯ ಸಲಕ್ಕೆ ಕಾಯಬಲ್ಲದು.

ಕ್ಯಾರಿಯರನ್ನು ಕೂಡಿಸುವ ಬಗೆಯ ಮೇಲೂ ಎರಡು ಮಾತು. ಅದರ ಕಾಲುಗಳು ಗಾಡಿಯ ಮೂಲ ಚೌಕಟ್ಟಿಗೆ ಬೋಲ್ಟಿನಿಂದ ಕೂಡಿರಬೇಕು. ಮಡ್‌ಗಾರ್ಡಿಗೋ ಪ್ಲಾಸ್ಟಿಕ್ಕಿನ ಬಾಲಕ್ಕೋ ಕೂಡಿಸಿದುದು ಕ್ಯಾರಿಯರಲ್ಲ, ಅಲಂಕಾರ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದವುಗಳಲ್ಲಿ ಬಿರುಕು ಬಿಡುವುದು ಕೊಳವೆಯ ನಡುವೆ ಅಲ್ಲ, ಬೆಸುಗೆಯ ಅಂಚಿನಲ್ಲಿ. ಗುಂಡಿಯಲ್ಲಿ ಚಕ್ರ ಬಿದ್ದೆದ್ದಾಗಲೆಲ್ಲ ಹೇರು ತನ್ನ ತೂಕಕ್ಕಿಂತ ಹೆಚ್ಚಾಗಿ ಜಗ್ಗುತ್ತದೆ. ಎಂಜಿನ್ನಿನ ಕಂಪನ ನಟ್ಟುಗಳನ್ನು ಸಡಿಲಿಸುತ್ತದೆ. ಈ ಕರಾವಳಿಯ ಉಪ್ಪುಗಾಳಿ ಬಣ್ಣದ ಕೆಳಗೆಯೇ ತುಕ್ಕು ಹಿಡಿಸುತ್ತದೆ. ತಿಂಗಳಿಗೊಮ್ಮೆ ಕೈಯಿಂದ ಹಿಡಿದು ಅಲುಗಿಸಿ ನೋಡಿದರೆ ಅರ್ಧ ಸಂಗತಿ ತಿಳಿಯುತ್ತದೆ. ಕ್ಯಾರಿಯರ್ ಕೂಡಿಸುವಾಗ ಎಡಬದಿಯ ಸೀರೆ ಜಾಲರಿಯನ್ನು ತೆಗೆದು ಮೂಲೆಗೆ ಎಸೆಯುವ ಪದ್ಧತಿ ಬೆಳೆದಿದೆ. ಇದು ತೀರ ಕೆಟ್ಟದು. ಹಿಂದಿನ ಚಕ್ರದ ಅರ್ಧಕ್ಕೆ ಕಡಮೆಯಿಲ್ಲದಷ್ಟನ್ನು ಮುಚ್ಚುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ನಿಯಮಗಳಲ್ಲಿ 123ನೆಯದು ಹೇಳುತ್ತದೆ. ಸೆರಗಾಗಲಿ ಓಢಣಿಯಾಗಲಿ ಕಡ್ಡಿಗಳಿಗೆ ಸಿಕ್ಕಿದರೆ ಕೊರಳಿಗೆ ಬರಲು ಒಂದು ಗಳಿಗೆಯೂ ಬೇಡ.

ಇನ್ನು ಕಟ್ಟುವುದು. ಕೊಕ್ಕೆಯ ರಬ್ಬರು ಹಗ್ಗ ಅನುಕೂಲವೇನೋ ಹೌದು. ಆದರೆ ಬಿಸಿಲಿಗೆ ಸತ್ತ ರಬ್ಬರು ಹಿಡಿಯುವುದಿಲ್ಲ, ಎಳೆದು ಬಿಟ್ಟ ಕೊಕ್ಕೆ ಕಣ್ಣಿಗೆ ಬರುತ್ತದೆ. ಭಾರಕ್ಕೆ ಹಗ್ಗ ಇಲ್ಲವೆ ಪಟ್ಟಿಯೇ ಬೇಕು. ಅಡ್ಡಡ್ಡ ಎರಡು ಸುತ್ತು, ತುದಿಯನ್ನು ಒಳಕ್ಕೆ ಸಿಕ್ಕಿಸಬೇಕು. ಜೋತುಬಿದ್ದ ತುದಿ ಸರಪಳಿಗೆ ಸಿಕ್ಕಿದರೆ ಹಿಂದಿನ ಚಕ್ರ ಅಲ್ಲಿಯೇ ನಿಲ್ಲುತ್ತದೆ. ಜೋಡಿಚೀಲಗಳನ್ನು ಎರಡೂ ಬದಿಗೆ ಇಳಿಬಿಡುವುದು ತಾತ್ವಿಕವಾಗಿ ಒಳ್ಳೆಯದು, ಭಾರ ತಗ್ಗಿನಲ್ಲಿರುತ್ತದೆ; ಆದರೆ ಎರಡೂ ಸಮವಾಗಿರಬೇಕು, ಬಲಬದಿಯದು ಸೈಲೆನ್ಸರಿಗೆ ತಾಗಬಾರದು. ಹಿಂದಿನ ದೀಪವೂ ಸಿಗ್ನಲ್ ದೀಪಗಳೂ ಮುಚ್ಚಬಾರದು. ಹ್ಯಾಂಡಲ್ಲಿಗೆ ಏನನ್ನೂ ತೂಗುಹಾಕಬಾರದು. ಮಕ್ಕಳೇ, ನಿಮ್ಮ ಪಾಟಿಚೀಲ ನಿಮ್ಮ ಬೆನ್ನಿಗೇ ಇರಲಿ. ಅಪ್ಪ ಕೇಳಿದರೂ ಕೊಡಬೇಡಿರಿ.

ಹೇರನ್ನು ಬಲ್ಲವರು ಈ ನಾಡಿನಲ್ಲಿಯೇ ಇದ್ದಾರೆ. ಬೆಳಗಿನಲ್ಲಿ ಹಾರ್ನ್ ಒತ್ತುತ್ತ ಬರುವ ಪೊದೇರನ ಬಿದಿರು ಬುಟ್ಟಿಯನ್ನು ನೋಡಿರಿ. ನೋಟಕ್ಕೆ ಅದು ಗುಡ್ಡದಷ್ಟು. ಒಳಗಿರುವುದು ಪಾವು, ಗಾಳಿ ತುಂಬಿದ ಹಗುರ ವಸ್ತು. ಗೋವೆಯ ಹಳದಿ ಮಡ್‌ಗಾರ್ಡಿನ ಬಾಡಿಗೆ ಮೋಟಾರು ಸೈಕಲ್ಲಿನವರು, ಇಲ್ಲಿ ಪೈಲಟ್ ಎಂದು ಕರೆಯಿಸಿಕೊಳ್ಳುವವರು, ಗಿರಾಕಿಯ ಚಿಕ್ಕ ಚೀಲವನ್ನು ಹಿಂದಕ್ಕೆ ಕಟ್ಟದೆ ತಮ್ಮ ಮುಂದೆಯೇ ಇಟ್ಟುಕೊಳ್ಳುವುದುಂಟು. ಕರಾವಳಿಯ ಮೀನುಗಾರರು ಬಹುಕಾಲ ನಂಬಿದ್ದು ಬಜಾಜ್ ಎಂ-80 ಗಾಡಿಯನ್ನು. ಅದರ ತಯಾರಿಕೆ ನಿಂತುಹೋಗಿದೆ. ಅವರು ಮೀನಿನ ಪೆಟ್ಟಿಗೆ ಇಟ್ಟಾಗ ಹಿಂದೆ ಮನುಷ್ಯರನ್ನು ಕೂಡಿಸುತ್ತಿರಲಿಲ್ಲ. ಅವರಿಗೆ ಕಾಯಿದೆಯ ಪುಸ್ತಕವನ್ನು ಯಾರೂ ಓದಿ ಹೇಳಿರಲಿಲ್ಲ.

ಈಗ ಊರಿಗೆ ಹೋಗುವ ಮಾತು. ನಾಗರ ಪಂಚಮಿ ಬರುವುದು ಮಳೆಗಾಲದ ನಡುವೆ. ಬಸ್ಸಿನಲ್ಲಿ ಸ್ಥಳ ಸಿಗದೆ ಎಷ್ಟೋ ತರುಣರು ಗಾಡಿಯ ಮೇಲೆಯೇ ಮೊಲೆಂ ದಾಟಿ ಅನಮೋಡ ಘಾಟ ಹತ್ತುತ್ತಾರೆ. ಕೆಲವರು ಸಾಖಳಿಯ ಮೇಲೆ ಚೋರ್ಲಾ ಹಿಡಿಯುತ್ತಾರೆ. ಹೋಗುವಾಗ ಚೀಲ ಚಿಕ್ಕದು. ಬರುವಾಗ ತಾಯಿಯ ಪ್ರೀತಿಯೆಲ್ಲ ಕ್ಯಾರಿಯರಿನ ಮೇಲೆ ಏರಿರುತ್ತದೆ: ಉಂಡಿ, ರೊಟ್ಟಿ, ಶೇಂಗಾ ಚಟ್ನಿ, ಮೆಣಸಿನಕಾಯಿ, ಕೊನೆಗೆ ಅರ್ಧ ಚೀಲ ಜೋಳ. ಇಳಿಯುವ ದಾರಿ ಇದೇ. ಮಂಜು, ಒದ್ದೆ ರಸ್ತೆ, ತಿರುವು. ಭಾರ ಹೆಚ್ಚಿದಷ್ಟು ನಿಲ್ಲುವ ದೂರವೂ ಹೆಚ್ಚುತ್ತದೆ. ಸದಾ ಬ್ರೇಕು ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ; ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಹೊರಡುವ ಮುನ್ನ ಹಿಂದಿನ ಟಾಯರಿಗೆ ಇಬ್ಬರು ಕೂಡುವಾಗಿನ ಗಾಳಿಯನ್ನು ತುಂಬಿಸಬೇಕು, ಶಾಕ್ ಅಬ್ಸಾರ್ಬರನ್ನು ಬಿಗಿಮಾಡಿಸಬೇಕು. ಇಲ್ಲವಾದರೆ ಬಾಲ ಕುಸಿದು ಮುಂದಿನ ದೀಪ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ರೊಟ್ಟಿ, ಚಟ್ನಿ, ಉಂಡಿ ಕ್ಯಾರಿಯರಿನ ಮೇಲೆ ಧಾರಾಳವಾಗಿ ಬರಲಿ. ರೊಟ್ಟಿಯ ಗಂಟು ಹಗುರ, ಪೊದೇರನ ಪಾವಿನ ಜಾತಿಯದು. ಜೋಳವನ್ನು ಮಾತ್ರ ಬಸ್ಸಿಗೆ ಹಾಕಿ ಕಳುಹಿಸಲು ಹೇಳಿರಿ. ತಾಯಿ ಬೇಸರಪಟ್ಟರೆ ಲೆಕ್ಕವನ್ನು ತಿಳಿಸಿರಿ. ಚಕ್ಕಡಿ ಹೇರಿದ ಮನೆಯವಳು ಅವಳು, ಬೇಗನೆ ಅರ್ಥಮಾಡಿಕೊಂಡಾಳು.

ಪಂಚಮಿಗೆ ಹೊರಡುವವರು ಅದರ ಹಿಂದಿನ ಭಾನುವಾರ ಬೆಳಿಗ್ಗೆ ತಮ್ಮ ಗಾಡಿಯೊಡನೆ, ಕಟ್ಟುವ ಸಾಮಾನಿನೊಡನೆ, ಸಾಧ್ಯವಾದರೆ ಕೈಪಿಡಿಯೊಡನೆ ಇದೇ ಅಂಗಳಕ್ಕೆ ಬರಬೇಕೆಂದು ಕೋರುತ್ತೇವೆ. ಧಾನ್ಯ ತೂಗುವ ಕಾಟಾವನ್ನು ತರಿಸಿ ಇಡುತ್ತೇವೆ. ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡುವ ಇಬ್ಬರು ತರುಣರು ಸ್ಪ್ಯಾನರುಗಳನ್ನು ತರಲು ಒಪ್ಪಿದ್ದಾರೆ. ಸೀರೆ ಜಾಲರಿ ತೆಗೆದಿಟ್ಟವರು ಅದನ್ನೂ ಮನೆಯಿಂದ ಹುಡುಕಿ ತರಬೇಕು, ಅಂದೇ ಕೂಡಿಸಿಕೊಡುತ್ತಾರೆ.