ಕಂಪ್ಯೂಟರಿನ ಕ್ಯಾನುಗಳು ಮತ್ತು ಕೋರಂ

(ಬಾಬುರಾಯನಕೊಪ್ಪಲಿನಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಜೆಯ ಹಾಲು ಕರೆಯುವ ಹೊತ್ತಿಗೆ ಸಭೆ ಮುಗಿಯಬೇಕೆಂದು ಅಧ್ಯಕ್ಷರು ಮೊದಲೇ ಹೇಳಿದ್ದಾರೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನೀವು ಡೇರಿಗೆ ಹಾಲು ಹಾಕಿದ ಕೂಡಲೇ ಅಳತೆ, ಫ್ಯಾಟು, ಎಸ್‌ಎನ್‌ಎಫ್ ಎಲ್ಲವೂ ಕಂಪ್ಯೂಟರಿಗೆ ಹೋಗಿ ಚೀಟಿ ಬರುತ್ತದೆ. ಬಟವಾಡೆ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ. ಅಂದರೆ ಈಗ ಹಸು ಹಾಲು ಕೊಟ್ಟರೆ ಸಾಲದು; ಎಲ್ಲೋ ದೂರದಲ್ಲಿರುವ ಯಂತ್ರವೂ ಎಚ್ಚರವಾಗಿರಬೇಕು. ಅದು ಮಲಗಿಕೊಂಡರೆ ಬೂಸಾ ಅಂಗಡಿಯವರು ಎಷ್ಟು ದಿನ ಸಾಲ ಕೊಡುತ್ತಾರೆ? ಆ ಯಂತ್ರಗಳನ್ನು ಮಲಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ನನ್ನ ವಿಷಯ.

ಹೆದ್ದಾರಿಯಲ್ಲಿ ಉದ್ದನೆಯ ಲಾರಿಗಳ ಮೇಲೆ ಕಂಟೇನರ್ ಎಂಬ ಲೋಹದ ಪೆಟ್ಟಿಗೆಗಳು ಹೋಗುವುದನ್ನು ದಿನವೂ ನೋಡುತ್ತೀರಿ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬವರು ಇಂಥ 58 ಪೆಟ್ಟಿಗೆಗಳನ್ನು ಹಡಗಿನ ಮೇಲಿಟ್ಟು ಕಳುಹಿಸಿದರು. ಒಳಗಿನ ಸಾಮಾನನ್ನು ಬಿಚ್ಚದೆ ಪೆಟ್ಟಿಗೆಯನ್ನೇ ಎತ್ತಿ ಇಡುವುದು ಅದರ ಗುಟ್ಟು. ನಮ್ಮ ಹಾಲಿನ ಕ್ಯಾನೂ ಹಾಗೆಯೇ. ಯಾವ ಊರಿನದಾದರೂ ಯಾವ ಲಾರಿಗಾದರೂ ಏರುತ್ತದೆ.

ತಂತ್ರಾಂಶಕ್ಕೆ ಬಹಳ ಕಾಲ ಇಂಥ ಕ್ಯಾನ್ ಇರಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆದದ್ದು ಪಕ್ಕದ ಕಂಪ್ಯೂಟರಿಗೆ ಹಾಕಿದರೆ ಮುಷ್ಕರ ಹೂಡುತ್ತಿತ್ತು. 2013ರಲ್ಲಿ ಬಂದ ಡಾಕರ್ ಎಂಬ ಸಾಧನ, ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಕಲ ಸರಂಜಾಮನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಡುವುದನ್ನು ಸುಲಭ ಮಾಡಿತು. ಬುತ್ತಿ ಕಟ್ಟಿಕೊಂಡು ಹೋದವನು ಹೋದ ಮನೆಯಲ್ಲಿ ಉಪ್ಪಿನಕಾಯಿ ಕೇಳಬೇಕಾಗಿಲ್ಲ, ಅಷ್ಟೇ.

ಸರಿ, ಒಂದು ಕ್ಯಾನನ್ನು ಯಾರು ಬೇಕಾದರೂ ಎತ್ತಿಡಬಹುದು. ಸಾವಿರ ಕ್ಯಾನು, ನೂರು ಲಾರಿ ಇದ್ದರೆ? ಯಾವುದು ಎಲ್ಲಿಗೆ, ಯಾವ ಲಾರಿಯಲ್ಲಿ ಜಾಗವಿದೆ, ಕೆಟ್ಟು ನಿಂತ ಲಾರಿಯ ಬದಲು ಯಾವುದು ಎಂದು ನೋಡಲು ಒಬ್ಬರು ಬೇಕು. ಗೂಗಲ್ ಕಂಪನಿಯವರು ತಮ್ಮೊಳಗೆ ಈ ಕೆಲಸಕ್ಕೆ ಬೋರ್ಗ್ ಎಂಬ ವ್ಯವಸ್ಥೆ ಇಟ್ಟುಕೊಂಡಿದ್ದರು. ಆ ಅನುಭವದ ಮೇಲೆ ಹೊಸದೊಂದನ್ನು ರಚಿಸಿ 2014ರ ಜೂನ್‌ನಲ್ಲಿ ಎಲ್ಲರೂ ಉಚಿತವಾಗಿ ಬಳಸುವಂತೆ ಬಿಟ್ಟುಕೊಟ್ಟರು. ಅದರ ಹೆಸರು ಕುಬರ್ನೆಟಿಸ್. ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿದವನು ಎಂದರ್ಥ. ಕಾವೇರಿ ದಡದವರಾದ ನಾವು ಅಂಬಿಗ ಎನ್ನೋಣ.

ಈ ಅಂಬಿಗ ಕೆಲಸ ಮಾಡುವ ರೀತಿ ನಿಮಗೆ ಹೊಸದೇನಲ್ಲ. ಬಿಎಂಸಿಯಲ್ಲಿ ಹಾಲು 4 ಡಿಗ್ರಿಯಲ್ಲಿರಲಿ ಎಂದು ಗುರುತು ಇಡುತ್ತೇವೆ. ಕಂಪ್ರೆಸರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಯಾರೂ ಪಕ್ಕದಲ್ಲಿ ಕುಳಿತು ಹೇಳುವುದಿಲ್ಲ. ಬೆಚ್ಚಗಾದರೆ ಅದೇ ಓಡುತ್ತದೆ, ತಣ್ಣಗಾದರೆ ಅದೇ ನಿಲ್ಲುತ್ತದೆ. ಕುಬರ್ನೆಟಿಸ್‌ಗೂ "ಬಟವಾಡೆಯ ತಂತ್ರಾಂಶ ಸದಾ ಮೂರು ಕಡೆ ನಡೆಯುತ್ತಿರಲಿ" ಎಂದಷ್ಟೇ ಬರೆದುಕೊಡುವುದು. ಎರಡಾದರೆ ಇನ್ನೊಂದನ್ನು ಹುಟ್ಟಿಸುತ್ತದೆ. ಇಡೀ ಯಂತ್ರವೇ ಉಸಿರು ಬಿಟ್ಟರೆ, ಬೇರೆ ಸೂಚನೆ ಕೊಡದಿದ್ದಲ್ಲಿ ಸುಮಾರು ಐದು ನಿಮಿಷ ಕಾದು, ಅಲ್ಲಿದ್ದುದನ್ನು ಬೇರೆ ಯಂತ್ರಗಳಲ್ಲಿ ಶುರು ಮಾಡುತ್ತದೆ. ರಾತ್ರಿ ಎರಡು ಗಂಟೆಗೆ ಯಾರನ್ನೂ ಎಬ್ಬಿಸುವುದಿಲ್ಲ.

ಆದರೆ ಅಂಬಿಗನೇ ಬಿದ್ದುಹೋದರೆ? ಸಹಕಾರಿಗಳಾದ ನಮಗೆ ಚೆನ್ನಾಗಿ ಅರ್ಥವಾಗುವ ಸಂಗತಿ ಇದು. ಯಾವುದು ಎಲ್ಲಿದೆ, ಏನು ನಿರ್ಣಯವಾಗಿದೆ ಎಂಬುದಕ್ಕೆ ಅದರೊಳಗೆ ಒಂದು ನಡವಳಿ ಪುಸ್ತಕವಿರುತ್ತದೆ. ಸಾಮಾನ್ಯವಾಗಿ ಅದರ ಪ್ರತಿಯನ್ನು ಮೂರು ಯಂತ್ರಗಳಲ್ಲಿ ಇಡುತ್ತಾರೆ. ಬಹುಮತದ ಯಂತ್ರಗಳು ಬರೆದುಕೊಂಡ ಮೇಲೆಯೇ ನಿರ್ಣಯ ಊರ್ಜಿತ. ನಮ್ಮ ಕೋರಂ ಇದ್ದ ಹಾಗೆ. ಮೂರರಲ್ಲಿ ಒಂದು ಕೆಟ್ಟರೆ ಉಳಿದ ಎರಡು ಸಾಕು. ನಾಲ್ಕು ಇಟ್ಟರೆ ಬಹುಮತಕ್ಕೆ ಮೂರು ಬೇಕಾಗುವುದರಿಂದ ಆಗಲೂ ಒಂದನ್ನೇ ಕಳೆದುಕೊಳ್ಳಬಹುದು. ನಾಲ್ಕನೆಯದರ ದುಡ್ಡು ದಂಡ. ಐದಾದರೆ ಎರಡು ಹೋದರೂ ನಡೆಯುತ್ತದೆ.

ಈ ಬಿಗಿ ಏಕೆ ಎನ್ನುತ್ತೀರಾ? ನಡುವಿನ ತಂತಿ ಕಡಿದು ಯಂತ್ರಗಳು ಎರಡು ಗುಂಪಾದರೆ, ಎರಡೂ ಗುಂಪು ತಮ್ಮ ತಮ್ಮ ನಿರ್ಣಯ ಬರೆದುಕೊಳ್ಳಬಾರದು. ಎರಡು ಬಣ ಎರಡು ಕಡೆ ಸಭೆ ಸೇರಿ ಇಬ್ಬರು ಅಧ್ಯಕ್ಷರನ್ನು ಆರಿಸಿಕೊಂಡರೆ ಸಂಘದ ಗತಿ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು ಹೋಲಿಕೆಯೂ ಇದೆ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋದರೂ ಮರುದಿನ ಬೆಳಿಗ್ಗೆ ಹಾಲು ಅಳೆಯುವುದು ನಿಲ್ಲುವುದಿಲ್ಲ. ಹಾಗೆಯೇ ಆಗಲೇ ನಡೆಯುತ್ತಿರುವ ತಂತ್ರಾಂಶ ನಡೆಯುತ್ತಿರುತ್ತದೆ. ಹೊಸ ತೀರ್ಮಾನ ಮಾತ್ರ ಆಗುವುದಿಲ್ಲ.

ಇದು ಹೊರದೇಶದ ಮಾತು ಮಾತ್ರ ಎಂದುಕೊಳ್ಳಬೇಡಿ. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಮೋಸಿಪ್ ಎಂಬ ಯೋಜನೆ ಶುರುವಾಯಿತು. ನಮ್ಮ ಆಧಾರ್ ಬಗೆಯ ಗುರುತಿನ ವ್ಯವಸ್ಥೆಯನ್ನು ಬೇರೆ ದೇಶಗಳು ತಾವೇ ಕಟ್ಟಿಕೊಳ್ಳಲು ಅದು ಉಚಿತ ತಂತ್ರಾಂಶ ಕೊಡುತ್ತದೆ. ಫಿಲಿಪೈನ್ಸ್, ಮೊರಾಕೊ ದೇಶಗಳು ಅದನ್ನು ಮೊದಲೇ ತೆಗೆದುಕೊಂಡವು. ಆ ತಂತ್ರಾಂಶ ಹತ್ತಾರು ಸಣ್ಣ ಸಣ್ಣ ಕಂಟೇನರುಗಳಾಗಿದ್ದು, ಕುಬರ್ನೆಟಿಸ್ ಮೇಲೆಯೇ ನಡೆಯುವಂತೆ ರಚಿತವಾಗಿದೆ. ಒಂದು ದೇಶದ ಜನರ ಲೆಕ್ಕವನ್ನೇ ಒಂದು ಯಂತ್ರದ ಪುಣ್ಯಕ್ಕೆ ಬಿಡಲಾಗುವುದಿಲ್ಲವಲ್ಲ.

ಇನ್ನು ಮಾರುವವರು ಹೇಳದೆ ಬಿಡುವ ಮಾತು. ಕ್ಯಾನು ನಜ್ಜುಗುಜ್ಜಾದರೆ ಇನ್ನೊಂದು ಕ್ಯಾನು ಬರುತ್ತದೆ. ಚೆಲ್ಲಿದ ಹಾಲು ಬರುವುದಿಲ್ಲ. ಒಂದು ಕಂಟೇನರ್ ಸತ್ತು ಇನ್ನೊಂದು ಹುಟ್ಟಿದಾಗ ಹಳೆಯದರೊಳಗೆ ಬರೆದಿಟ್ಟದ್ದು ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಸದಸ್ಯರ ಲೆಡ್ಜರ್ ಕಂಟೇನರಿನ ಹೊರಗೆ, ಬೇರೆ ಭದ್ರ ಜಾಗದಲ್ಲಿ ಇರಲೇಬೇಕು. ಫ್ಯಾಟಿನ ಲೆಕ್ಕದ ಸೂತ್ರವೇ ತಪ್ಪಿದ್ದರೆ ಅಂಬಿಗ ಅದನ್ನು ತಿದ್ದುವುದಿಲ್ಲ, ಮೂರೂ ಕಡೆ ಆ ತಪ್ಪನ್ನೇ ನಿಷ್ಠೆಯಿಂದ ನಡೆಸುತ್ತಾನೆ. ಮೂರು ಯಂತ್ರಗಳೂ ಒಂದೇ ಕೋಣೆಯಲ್ಲಿ ಒಂದೇ ಕರೆಂಟಿನ ಮೇಲಿದ್ದರೆ ಕೋರಂ ಲೆಕ್ಕವೆಲ್ಲ ಕಾಗದದ ಮೇಲಿನದು.

ಹಾಗಾದರೆ ನಮ್ಮ ಊರಿನ ಸಂಘಕ್ಕೆ ಇದು ಬೇಕೇ? ಬೇಡ. ಯಾರಾದರೂ ಹಳ್ಳಿಯ ಡೇರಿಗೆ ಇದನ್ನು ಮಾರಲು ಬಂದರೆ ಕಾಫಿ ಕೊಟ್ಟು ಕಳುಹಿಸಿ. ಒಂದು ಕಂಪ್ಯೂಟರ್, ಕರೆಂಟು ಹೋದಾಗ ನಡೆಯಲು ಬ್ಯಾಟರಿ, ದಿನದ ಲೆಕ್ಕದ ಒಂದು ಪ್ರತಿ ಬೇರೆ ಕಟ್ಟಡದಲ್ಲಿ, ಸದಸ್ಯರ ಕೈಯಲ್ಲಿ ಚೀಟಿ: ಇಷ್ಟಿದ್ದರೆ ಸಾಕು. ನೂರಾರು ಸಂಘಗಳ ಲೆಕ್ಕ ಒಂದೇ ಕಡೆ ಸೇರುವಲ್ಲಿ, ಬಟವಾಡೆಯ ದಿನ ಒಮ್ಮೆಲೇ ಒತ್ತಡ ಬೀಳುವಲ್ಲಿ ಇದಕ್ಕೆ ಬೆಲೆಯಿದೆ.

ಅಂಥ ಪ್ರಸ್ತಾಪ ಮಹಾಸಭೆಯ ಮುಂದೆ ಬಂದಾಗ ಕಂಪ್ಯೂಟರ್ ಗೊತ್ತಿಲ್ಲವೆಂದು ಸುಮ್ಮನೆ ಕೂರಬೇಡಿ. ಲೆಡ್ಜರ್ ಎಲ್ಲಿ ಇಡುತ್ತೀರಿ, ಅದರ ಪ್ರತಿಯಿಂದ ಲೆಕ್ಕವನ್ನು ಮತ್ತೆ ಎಬ್ಬಿಸಿ ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಯಂತ್ರಗಳು ಎಷ್ಟು ಕೋಣೆಗಳಲ್ಲಿವೆ, ಇದನ್ನು ನೋಡಿಕೊಳ್ಳಲು ಕಲಿತ ನೌಕರರು ನಮ್ಮಲ್ಲಿ ಎಷ್ಟು ಜನ ಎಂದು ಕೇಳಿ. ಕೊನೆಯ ಪ್ರಶ್ನೆಗೆ "ಒಬ್ಬರಿದ್ದಾರೆ" ಎಂದು ಉತ್ತರ ಬಂದರೆ, ಅವರು ರಜೆ ಹಾಕಿದ ದಿನ ಏನು ಮಾಡುತ್ತೀರಿ ಎಂದೂ ಕೇಳಿ.

ಹಾಲು ಕರೆಯುವ ಹೊತ್ತಾಯಿತು.