ಹೆಸರು ಮುಚ್ಚಿಟ್ಟರೆ ಲೆಕ್ಕ ಕೇಳುವುದು ಯಾರನ್ನು?

(ಕುರುಗೋಡಿನ ಕನ್ನಡ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ಬಳ್ಳಾರಿಯ ಒಂದು ಗಲ್ಲಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡು ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಓದಿದ್ದು ಪಿಯುಸಿ ಅಷ್ಟೆ. ಆದರೆ ಅಕ್ಷರ ಜೋಡಿಸುವವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಹಳೆಯ ಪ್ರೂಫು, ಹೊಸ ಪ್ರೂಫು ಎರಡನ್ನೂ ಅಕ್ಕಪಕ್ಕ ಇಟ್ಟು ಯಾವ ಸಾಲು ಬಿಟ್ಟುಹೋಗಿದೆ ಎಂದು ನೋಡುವ ಚಟ. ಆ ಚಟದಿಂದಲೇ ಈ ಮಾತು ಹುಟ್ಟಿದೆ. ಅಂದು ಆಡಿದ್ದನ್ನು ಪತ್ರಿಕೆಯ ಗೆಳೆಯರು ಬರೆದುಕೊಡಿ ಎಂದರು, ಬರೆದಿದ್ದೇನೆ.

ಸಿರುಗುಪ್ಪ ತಾಲ್ಲೂಕಿನ ಹಿರಿಯ ರೈತರೊಬ್ಬರು ನಮ್ಮ ಪ್ರೆಸ್ಸಿಗೆ ಬಂದರು. ಕೈಯಲ್ಲಿ ಒಂದು ಸರ್ಕಾರಿ ಲಕೋಟೆ. "ತಮ್ಮಾ, ಇದ್ರಾಗ ಏನು ಬರದಾರ, ಓದಿ ಹೇಳು" ಅಂದರು. ಭತ್ತ ನೀರುಪಾಲಾಗಿದ್ದ ಆ ಮನುಷ್ಯ ತಮ್ಮ ಊರಿನಲ್ಲಿ ಬೆಳೆ ಪರಿಹಾರ ಯಾರಿಗೆ ಎಷ್ಟು ಸಂದಾಯವಾಗಿದೆ ಎಂಬ ಪಟ್ಟಿ ಕೇಳಿದ್ದರು. ಅರ್ಜಿಯನ್ನು ಟೈಪು ಮಾಡಿಕೊಟ್ಟವನು ನಾನೇ. ಉತ್ತರ ಎರಡೇ ಸಾಲು: ಕೋರಿರುವುದು ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು, ಒದಗಿಸಲು ಬರುವುದಿಲ್ಲ.

"ಕೊಡಂಗಿಲ್ಲ ಅಂತ ಬರದಾರ್ರೀ ಯಜಮಾನ್ರೇ" ಅಂದೆ.

"ಸರ್ಕಾರದ ರೊಕ್ಕ ಯಾರಿಗೆ ಹೋತು ಅಂತ ಕೇಳಿದ್ರ ಅದು ಯಾರ ವೈಯಕ್ತಿಕ ತಮ್ಮಾ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅಂದಿನಿಂದ ಹುಡುಕತೊಡಗಿದೆ.

ಓದುಗರೇ, ಮಾಹಿತಿ ಹಕ್ಕು ಎಂಬುದು ದೆಹಲಿಯವರು ನಮಗೆ ಹಾಕಿದ ಭಿಕ್ಷೆಯಲ್ಲ. ಕೇಂದ್ರದ ಕಾಯ್ದೆ ಬಂದದ್ದು 2005ರಲ್ಲಿ. ಅಕ್ಟೋಬರ್ 12ರಿಂದ ಪೂರ್ತಿ ಜಾರಿಯಾಯಿತು. ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲೇ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಕೇಂದ್ರದ ಕಾಯ್ದೆಯ 6ನೇ ಕಲಮಿನಲ್ಲಿ ಅರ್ಜಿಯನ್ನು ಆಯಾ ಪ್ರದೇಶದ ಆಡಳಿತ ಭಾಷೆಯಲ್ಲೂ ಕೊಡಬಹುದು ಎಂದಿದೆ. ಅಂದರೆ ನಮ್ಮಲ್ಲಿ ಕನ್ನಡ. ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕಾದ ವಿವರಗಳನ್ನು ಹರಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದು 4ನೇ ಕಲಮು ಹೇಳುತ್ತದೆ. ಇಂಗ್ಲಿಷ್ ಬಾರದ ರೈತನೊಬ್ಬ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಕನ್ನಡದಲ್ಲಿ ಸರ್ಕಾರವನ್ನು ಲೆಕ್ಕ ಕೇಳುವುದು ಸಣ್ಣ ವಿಷಯವೇ? (ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು ಎಂಬ ಕಟ್ಟಳೆ ಬೇರೆ ಇದೆ. ಅದು ಕೇಂದ್ರ ಕೊಟ್ಟ ಕಾಟವಲ್ಲ, ನಮ್ಮವರೇ 2008ರಲ್ಲಿ ತಂದದ್ದು. ಪುಣ್ಯಕ್ಕೆ ಕನ್ನಡದಲ್ಲಿ ಸಂಧಿ ಸಮಾಸ ಇವೆ, ಮೂರು ಪದವನ್ನು ಒಂದು ಮಾಡಿ ಕಳಿಸುತ್ತೇನೆ!)

ಈಗ ಪ್ರೂಫಿನ ವಿಷಯಕ್ಕೆ ಬರುತ್ತೇನೆ.

ಕಾಯ್ದೆಯ 8ನೇ ಕಲಮಿನಲ್ಲಿ ಏನೇನು ಕೊಡಬೇಕಾಗಿಲ್ಲ ಎಂಬ ಪಟ್ಟಿ ಇದೆ. ಅದರಲ್ಲಿ 'ಜೆ' ಉಪಕಲಮು ವೈಯಕ್ತಿಕ ಮಾಹಿತಿಯದ್ದು. 2005ರ ಪ್ರತಿಯಲ್ಲಿ ಅದು ಒಂದು ಇಡೀ ಪ್ಯಾರಾ. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಇಲ್ಲವೇ ಒಬ್ಬರ ಖಾಸಗಿತನಕ್ಕೆ ವಿನಾಕಾರಣ ಕೈಹಾಕುವಂಥ ಮಾಹಿತಿಯನ್ನು ಮಾತ್ರ ತಡೆಯಬಹುದಿತ್ತು. ಅಲ್ಲಿಯೂ ಸಾರ್ವಜನಿಕ ಹಿತ ದೊಡ್ಡದೆಂದು ಕಂಡರೆ ಅಧಿಕಾರಿ ಕೊಡಬಹುದಿತ್ತು. ಕೊನೆಗೊಂದು ಬಂಗಾರದಂಥ ಸಾಲು ಇತ್ತು. ಸಂಸತ್ತಿಗೋ ವಿಧಾನಮಂಡಲಕ್ಕೋ ಇಲ್ಲ ಎನ್ನಲಾಗದ ಮಾಹಿತಿಯನ್ನು ಯಾವ ಪ್ರಜೆಗೂ ಇಲ್ಲ ಎನ್ನುವಂತಿಲ್ಲ ಎಂಬ ಅರ್ಥದ್ದು. ಮತ ಹಾಕಿಸಿಕೊಂಡವನಿಗೆ ಸಿಗುವುದು ಮತ ಹಾಕಿದವನಿಗೂ ಸಿಗಬೇಕು ಎಂದಲ್ಲವೇ ಇದರ ತಾತ್ಪರ್ಯ?

ಹೊಸ ಪ್ರತಿ ನೋಡಿ. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ, ಇಷ್ಟೇ. ಪ್ಯಾರಾ ಹೋಗಿ ಅರ್ಧ ಸಾಲು ಉಳಿದಿದೆ. ಬಂಗಾರದ ಸಾಲು ಮಾಯ! ನಮ್ಮ ಪ್ರೆಸ್ಸಿನಲ್ಲಿ ಹುಡುಗ ಹೀಗೆ ಸಾಲು ಹಾರಿಸಿದ್ದರೆ ಗಿರಾಕಿ ಕಾಗದವನ್ನು ನನ್ನ ಮುಖಕ್ಕೆ ಎಸೆದು ಹೋಗುತ್ತಿದ್ದ.

ಇದನ್ನು ಮಾಡಿದ್ದು ಮಾಹಿತಿ ಹಕ್ಕಿನ ಹೆಸರಿನ ಮಸೂದೆಯಲ್ಲ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಮೊಬೈಲು, ಕಂಪ್ಯೂಟರಿನ ಕಾಯ್ದೆ ಎಂದು ನಾವೆಲ್ಲ ತಿಳಿದಿದ್ದೆವು. ಅದರ 44ನೇ ಕಲಮಿನ 3ನೇ ಉಪಕಲಮಿನಲ್ಲಿ ಈ ಕತ್ತರಿ ಅಡಗಿತ್ತು. 2025ರ ನವೆಂಬರ್ 14ರಿಂದ ಅದು ಜಾರಿಗೆ ಬಂತು. ನಾವು ರಾಜ್ಯೋತ್ಸವದ ಬಾವುಟ ಕಟ್ಟುತ್ತಿದ್ದ ತಿಂಗಳಲ್ಲೇ!

ಸಂಸತ್ತಿನಲ್ಲಿ ವಿರೋಧ ಪಕ್ಷದವರು ಏನು ಮಾಡುತ್ತಿದ್ದರು ಎಂದು ಕೇಳುತ್ತೀರಿ. ಮೆಚ್ಚುವುದನ್ನು ಮೊದಲು ಹೇಳುತ್ತೇನೆ. 2019ರ ಜುಲೈನಲ್ಲಿ ಮಾಹಿತಿ ಆಯುಕ್ತರ ಅವಧಿ, ಸಂಬಳಗಳನ್ನು ಕೇಂದ್ರದ ಕೈಗೆ ಕೊಡುವ ತಿದ್ದುಪಡಿ ಬಂದಾಗ ಅವರು ಕಾದಾಡಿದರು. ರಾಜ್ಯಸಭೆಯಲ್ಲಿ ಅದನ್ನು ಆಯ್ಕೆ ಸಮಿತಿಗೆ ಕಳಿಸಿ ಎಂಬ ಸೂಚನೆಗೆ 75 ಮತ ಬಿದ್ದವು, ವಿರುದ್ಧ 117. ಸೋತರು, ಸಭಾತ್ಯಾಗ ಮಾಡಿದರು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಜೈರಾಮ್ ರಮೇಶ್ ಆ ತಿದ್ದುಪಡಿಯ ವಿರುದ್ಧ ಸುಪ್ರೀಂ ಕೋರ್ಟಿಗೂ ಹೋದರು.

ಆದರೆ 2023ರ ಆಗಸ್ಟ್? ಲೋಕಸಭೆಯಲ್ಲಿ 7ರಂದು, ರಾಜ್ಯಸಭೆಯಲ್ಲಿ 9ರಂದು ದತ್ತಾಂಶ ಮಸೂದೆ ಧ್ವನಿಮತದಲ್ಲಿ ಪಾಸಾಯಿತು. ಮಣಿಪುರ ಹೊತ್ತಿ ಉರಿಯುತ್ತಿತ್ತು, ಅದಕ್ಕಾಗಿ ಪ್ರತಿಭಟನೆ. ರಾಜ್ಯಸಭೆಯಲ್ಲಿ ವಿರೋಧಿಗಳು ಹೊರನಡೆದಿದ್ದರು. ಮಣಿಪುರದ ನೋವು ದೊಡ್ಡದು, ಒಪ್ಪೋಣ. ಆದರೂ ಖಾಲಿ ಬೆಂಚುಗಳ ಎದುರಿನಲ್ಲಿ ನಮ್ಮ ಹಕ್ಕು ಕತ್ತರಿಸಿಹೋಯಿತು ಎಂಬುದು ಸುಳ್ಳಾಗುವುದಿಲ್ಲ. ಎಚ್ಚರವಾದದ್ದು 2025ರಲ್ಲಿ. ಮಾರ್ಚಿನಲ್ಲಿ ಜೈರಾಮ್ ರಮೇಶ್ ಸಚಿವ ಅಶ್ವಿನಿ ವೈಷ್ಣವ್ ಅವರಿಗೆ ಪತ್ರ ಬರೆದರು. ಏಪ್ರಿಲ್‌ನಲ್ಲಿ 120ಕ್ಕೂ ಹೆಚ್ಚು ಸಂಸದರು ಈ ಉಪಕಲಮು ತೆಗೆಯಿರಿ ಎಂಬ ಮನವಿಗೆ ಸಹಿ ಹಾಕಿದರು. ಬಾಣ ಬಿಲ್ಲು ಬಿಟ್ಟ ಮೇಲೆ!

ಇನ್ನೊಂದು ಮಾತನ್ನೂ ನುಂಗಿಕೊಳ್ಳಲಾರೆ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳೂ ಮಾಹಿತಿ ಹಕ್ಕಿಗೆ ಒಳಪಡುತ್ತವೆ ಎಂದಿತು. ಆಗ ಆಳುತ್ತಿದ್ದವರು ಇಂದಿನ ವಿರೋಧ ಪಕ್ಷದವರು. ಎರಡೇ ತಿಂಗಳಲ್ಲಿ ಪಕ್ಷಗಳನ್ನು ಹೊರಗಿಡುವ ಮಸೂದೆ ಲೋಕಸಭೆಗೆ ಬಂತು. ಅದು ಕಾಯ್ದೆಯಾಗದೆ ಬಿದ್ದುಹೋಯಿತು, ಆದರೆ ತಮ್ಮ ಚೀಲದ ಲೆಕ್ಕ ಬಂದಾಗ ಎಲ್ಲರ ಬಣ್ಣವೂ ಒಂದೇ ಆಯಿತು. ಆದುದರಿಂದ ನಾನು ಯಾವ ಪಕ್ಷದ ಬಾವುಟವನ್ನೂ ಹಿಡಿಯುವವನಲ್ಲ. ಹ್ಯಾಂಡ್‌ಬಿಲ್ಲು ಎಲ್ಲರದ್ದೂ ಹಾಕುತ್ತೇನೆ, ರೊಕ್ಕ ಮುಂಚಿತವಾಗಿ ಇಸಿದುಕೊಳ್ಳುತ್ತೇನೆ.

ಸರ್ಕಾರದ ವಾದವನ್ನೂ ಹೇಳಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ, ಅದಕ್ಕೆ ಹೊಂದಿಸಿದ್ದೇವೆ; ಕಾನೂನಿನಂತೆ ಬಹಿರಂಗವಾಗಬೇಕಾದದ್ದು ಮೊದಲಿನಂತೆಯೇ ಆಗುತ್ತದೆ ಎಂದು ಸಚಿವರು ಉತ್ತರಿಸಿದ್ದಾರೆ. ಆ ತೀರ್ಪಿನ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಿರಿಯರು 2012ರಲ್ಲಿ ಕೋರ್ಟಿಗೆ ಹೋದದ್ದು ಆಧಾರ್ ಹೆಸರಿನಲ್ಲಿ ಸರ್ಕಾರ ಪ್ರಜೆಯ ಮನೆಯೊಳಗೆ ಇಣುಕಬಾರದೆಂದು. ಅವರ ಹೆಸರಿನ ತೀರ್ಪನ್ನು ಹಿಡಿದು ಪ್ರಜೆ ಸರ್ಕಾರದೊಳಗೆ ಇಣುಕಬಾರದು ಎನ್ನುವುದು ಯಾವ ನ್ಯಾಯ ಸ್ವಾಮಿ?

ಖಾಸಗಿತನ ಬೇಡವೆಂದು ನಾನು ಹೇಳುತ್ತಿಲ್ಲ. ರೈತನ ಆಧಾರ್ ನಂಬರು, ಬ್ಯಾಂಕ್ ಖಾತೆ, ಹೆಣ್ಣುಮಕ್ಕಳ ಆಸ್ಪತ್ರೆ ಚೀಟಿ ಇವು ಬೀದಿಗೆ ಬೀಳಬಾರದು. ಅವನ್ನು ಹಳೆಯ ಪ್ಯಾರಾವೇ ಕಾಯುತ್ತಿತ್ತು. ಹೊಸ ಅರ್ಧ ಸಾಲು ಕಾಯುವುದು ಹೆಸರುಗಳನ್ನು. ಬಳ್ಳಾರಿಯವರಿಗೆ ಹೆಸರಿನ ಬೆಲೆ ಗೊತ್ತಿದೆ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದಾಗ ಊರಿಗೆ ಊರೇ ನಡುಗಿದ್ದು ಯಾಕೆ? ಅದರಲ್ಲಿ ಕಂಪನಿಗಳ, ಅಧಿಕಾರಿಗಳ, ಆಳುವವರ ಹೆಸರುಗಳಿದ್ದವು. ಲೋಕಾಯುಕ್ತರು ತಮ್ಮ ಅಧಿಕಾರದಿಂದಲೇ ಕಡತ ತರಿಸಿಕೊಂಡರು, ಅದು ಬೇರೆ. ಆದರೆ 'ಕೆಲವರು ಕೆಲವು ಲಾರಿಗಳಲ್ಲಿ ಅದಿರು ಸಾಗಿಸಿದರು' ಎಂದು ಬರೆದಿದ್ದರೆ ಅದನ್ನು ಯಾರು ಓದುತ್ತಿದ್ದರು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸಿರುಗುಪ್ಪ, ಕುರುಗೋಡಿನ ಭತ್ತದ ಗದ್ದೆಗಳ ಜೀವ ಆ ನೀರಿನಲ್ಲಿದೆ. ಆ ಸರಪಳಿಯನ್ನು ಕೊನೆಗೆ ಪರೀಕ್ಷಿಸಿ ಸರಿ ಇದೆ ಎಂದು ಸಹಿ ಮಾಡಿದವರು ಯಾರು ಎಂದು ರೈತ ಕೇಳಿದರೆ, ಸಹಿ ವೈಯಕ್ತಿಕ ಮಾಹಿತಿ ಎಂದುಬಿಟ್ಟರೆ?

ನನ್ನ ಮಾತನ್ನೇ ತಗೊಳ್ಳಿ. ಚುನಾವಣೆಯ ಕರಪತ್ರದ ಅಡಿಯಲ್ಲಿ ಮುದ್ರಕನ ಹೆಸರು, ವಿಳಾಸ ಹಾಕದಿದ್ದರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ನನಗೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ಎರಡು ಪೈಸೆಯ ಕಾಗದಕ್ಕೆ ನಾನು ಹೆಸರು ಹಾಕಿ ಜವಾಬ್ದಾರನಾಗಬೇಕು, ಕೋಟಿ ರೂಪಾಯಿಯ ಕಡತಕ್ಕೆ ಸಹಿ ಹಾಕಿದವರ ಹೆಸರು ಮುಚ್ಚಿಡಬಹುದೇ?

ಹಾಗೆಂದು ಕೈಕಟ್ಟಿ ಕೂರುವ ಕಾರಣವಿಲ್ಲ. ಕಾಯ್ದೆಯ 4ನೇ ಕಲಮು ಇನ್ನೂ ಹಾಗೆಯೇ ಇದೆ. ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರ, ಪರವಾನಗಿ, ರಿಯಾಯಿತಿ ಪಡೆದವರ ವಿವರಗಳನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು. ಸಾರ್ವಜನಿಕ ಹಿತ ಹಾನಿಗಿಂತ ದೊಡ್ಡದಿದ್ದರೆ ಕೊಡಬಹುದು ಎನ್ನುವ 8ನೇ ಕಲಮಿನ 2ನೇ ಉಪಕಲಮೂ ಉಳಿದಿದೆ. ನಿರಾಕರಣೆ ಸರಿ ಎಂದು ತೋರಿಸುವ ಹೊಣೆ ಮೇಲ್ಮನವಿಯಲ್ಲಿ ಅಧಿಕಾರಿಯದೇ ಹೊರತು ಅರ್ಜಿದಾರನದಲ್ಲ. ಸಿರುಗುಪ್ಪದ ಯಜಮಾನರ ಮೇಲ್ಮನವಿಯಲ್ಲಿ ಈ ಮೂರನ್ನೂ ಕನ್ನಡದಲ್ಲೇ ಬರೆದು ಹಾಕಿದ್ದೇವೆ. ವಿಚಾರಣೆಯ ನೋಟೀಸು ಇನ್ನೂ ಬಂದಿಲ್ಲ.

ನಿಮಗೂ ಇಂಥ ಉತ್ತರ ಬಂದಿದ್ದರೆ ಪ್ರೆಸ್ಸಿಗೆ ಬನ್ನಿ. ಮೇಲ್ಮನವಿಯ ನಮೂನೆ ಅಚ್ಚು ಹಾಕಿ ಇಟ್ಟಿದ್ದೇನೆ, ರೊಕ್ಕ ಬೇಡ. ಆದರೆ ಲಕೋಟೆಯನ್ನು ಹರಿದು ಎಸೆಯಬೇಡಿ. ಮೇಲ್ಮನವಿಗೆ 30 ದಿನ ಗಡುವು. ಅದರ ಎಣಿಕೆ ಉತ್ತರ ನಿಮ್ಮ ಕೈ ಸೇರಿದ ದಿನದಿಂದ, ಆ ದಿನಕ್ಕೆ ಸಾಕ್ಷಿ ಲಕೋಟೆಯ ಮೇಲಿನ ಅಂಚೆ ಮುದ್ರೆಯೇ.